ವಿಕಾರ ಮೂತಿಗಳ ಹಿಂದಿನ ಲೆಕ್ಕ

2014ರ ಫಾರ್ಮುಲಾ ಒನ್ ಕಾರುಗಳ ಮೂತಿ ನೋಡಿ ನಗದವರು ಕಡಿಮೆ. ಕೇಟರ್‌ಹ್ಯಾಮ್ ಕಾರಿನ ಚಪ್ಪಟೆ ಮುಖದ ಕೆಳಗಿನಿಂದ ದಪ್ಪ ಬೆರಳಿನಂಥದ್ದೊಂದು ಮುಂದಕ್ಕೆ ಚಾಚಿಕೊಂಡಿತ್ತು. ಫೆರಾರಿಯ ಮೂತಿಗೆ ಜನ ವ್ಯಾಕ್ಯೂಮ್ ಕ್ಲೀನರ್ ಎಂದು ಹೆಸರಿಟ್ಟರು. ಲೋಟಸ್‌ಗೆ ಎರಡು ಕೋರೆ, ಅದರಲ್ಲೂ ಒಂದು ಉದ್ದ, ಇನ್ನೊಂದು ಗಿಡ್ಡ. ಡಿಸೈನ್ ಮಾಡುವವರ ಅಭಿರುಚಿ ಕೆಟ್ಟಿತ್ತು ಎಂದು ತೀರ್ಪು ಕೊಟ್ಟುಬಿಡುವುದು ಸುಲಭ. ಆ ವರ್ಷದ ನಿಯಮಾವಳಿಯ ಎರಡು ಅಂಕಿ ಓದಿದರೆ ಆ ತೀರ್ಪು ನಿಲ್ಲುವುದಿಲ್ಲ.

ಮೂತಿಯ ತುದಿಯಿಂದ 50 ಮಿ.ಮೀ. ಹಿಂದಕ್ಕೆ ಅಡ್ಡಲಾಗಿ ಕೊಯ್ದರೆ ಸಿಗುವ ಮುಖದ ವಿಸ್ತೀರ್ಣ 9,000 ಚದರ ಮಿ.ಮೀ.ಗಿಂತ ಹೆಚ್ಚಿರಬೇಕು, ಅದರ ಕೇಂದ್ರ ಕಾರಿನ ತಳದ ಮಟ್ಟದಿಂದ 185 ಮಿ.ಮೀ.ಗಿಂತ ಮೇಲಿರಕೂಡದು. ನಿಯಮ ಇಷ್ಟೇ. 9,000 ಅಂದರೆ ಸುಮಾರು 107 ಮಿ.ಮೀ. ವ್ಯಾಸದ ವೃತ್ತ, ಹಾರ್ಡ್‌ವೇರ್ ಅಂಗಡಿಯ ನಾಲ್ಕಿಂಚಿನ ಪಿವಿಸಿ ಪೈಪಿನಷ್ಟು. ಈ ನಿಯಮ ಬಂದದ್ದಕ್ಕೂ ಕಾರಣವಿದೆ. 2010ರಲ್ಲಿ ವೆಲೆನ್ಸಿಯಾದಲ್ಲಿ ಮಾರ್ಕ್ ವೆಬ್ಬರ್‌ನ ಕಾರು ಮುಂದಿದ್ದ ಕೋವಲೈನೆನ್‌ನ ಹಿಂಚಕ್ರಕ್ಕೆ ತಾಗಿ ಗಾಳಿಗೆ ಹಾರಿ ಮಗುಚಿತ್ತು. ಮೂತಿ ಎತ್ತರದಲ್ಲಿದ್ದರೆ ಎದುರಿನ ಟೈರನ್ನು ಹತ್ತುತ್ತದೆ, ತಗ್ಗಿದ್ದರೆ ಕೆಳಗೇ ಉಳಿಯುತ್ತದೆ. ಹಾಗಾಗಿ ತಗ್ಗಿಸಿ ಎಂದರು.

ತಂಡಗಳಿಗೆ ಬೇಕಾಗಿದ್ದದ್ದು ಇದರ ತದ್ವಿರುದ್ಧ. ಮೂತಿ ಎತ್ತರದಲ್ಲಿದ್ದಷ್ಟೂ ಅದರ ಕೆಳಗಿಂದ ತಳಕ್ಕೆ ಹೋಗುವ ಗಾಳಿ ಹೆಚ್ಚು, ಕಾರನ್ನು ನೆಲಕ್ಕೆ ಒತ್ತುವ ಬಲವೂ ಹೆಚ್ಚು. ಆದ್ದರಿಂದ ಕೇಳಿದಷ್ಟೇ ವಿಸ್ತೀರ್ಣದ ಒಂದು ಪೈಪನ್ನು ಕೆಳಗೆ ಇಳಿಬಿಟ್ಟು, ಉಳಿದದ್ದನ್ನೆಲ್ಲ ಆದಷ್ಟು ಮೇಲೇ ಉಳಿಸಿಕೊಂಡರು. ಲೋಟಸ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ. ನಡುವಿನಲ್ಲಿ ಪೈಪೇ ಬೇಡ, ಗಾಳಿ ನೇರವಾಗಿ ಹೋಗಲಿ ಎಂದು ಎರಡು ಬದಿಗೆ ಎರಡು ಕೋರೆ ಇಟ್ಟರು. ಆದರೆ ನಿಯಮ ಕೇಳಿದ್ದು ಒಂದೇ ಒಂದು ಅಡ್ಡಕೊಯ್ತದ ಮುಖ. ಎರಡೂ ಕೋರೆ ಸಮವಿದ್ದರೆ ಕೊಯ್ದಾಗ ಎರಡು ಮುಖ ಸಿಗುತ್ತವೆ. ಒಂದು ಕೋರೆಯನ್ನು 50 ಮಿ.ಮೀ.ಗಿಂತ ತುಸು ಹೆಚ್ಚು ಮೋಟು ಮಾಡಿದರೆ ಆ ಜಾಗದಲ್ಲಿ ಇರುವುದು ಒಂದೇ. ಕಾರಿಗೆ ವಕೀಲರು ಮೂತಿ ಕೊರೆದ ಹಾಗಿತ್ತು. ಅದೇ ನಿಯಮದಡಿ ಮರ್ಸಿಡಿಸ್ ಸಾಕಷ್ಟು ಸೊಗಸಾದ, ಗಿಡ್ಡನೆಯ ಮೂತಿ ಮಾಡಿ 19ರಲ್ಲಿ 16 ರೇಸ್ ಗೆದ್ದಿತು ಅನ್ನುವುದನ್ನೂ ಹೇಳಲೇಬೇಕು. ವಿಕಾರವೇ ಉತ್ತರ ಎಂದೇನೂ ಇರಲಿಲ್ಲ.

ಎರಡು ವರ್ಷ ಮೊದಲಿನ ಮೆಟ್ಟಿಲು ಮೂತಿಯೂ ಇದೇ ಜಾತಿ. 2012ರಲ್ಲಿ ಚಾಸಿಯ ಮುಂಭಾಗ 625 ಮಿ.ಮೀ. ಎತ್ತರದವರೆಗೆ ಇರಬಹುದಿತ್ತು, ಅದಕ್ಕಿಂತ ಮುಂದಿನ ಮೂತಿ ಮಾತ್ರ 550 ದಾಟುವಂತಿರಲಿಲ್ಲ. ಪಕ್ಕದಿಂದ ಗುದ್ದಿದರೆ ಚಾಲಕನ ತಲೆಗೆ ಬಡಿಯಬಾರದು ಎಂಬುದು ಉದ್ದೇಶ. ನಡುವಿನ 75 ಮಿ.ಮೀ. ಎಲ್ಲೋ ಒಂದು ಕಡೆ ಇಳಿಯಲೇಬೇಕಲ್ಲ, ಅಲ್ಲಿ ಮೆಟ್ಟಿಲು ಬಂತು. ಆ ವರ್ಷ ಗ್ರೇಟರ್ ನೋಯ್ಡಾದಲ್ಲಿ ನಡೆದ ಇಂಡಿಯನ್ ಗ್ರ್ಯಾನ್ ಪ್ರೀ ನೋಡಿದವರಿಗೆ ಫೋರ್ಸ್ ಇಂಡಿಯಾದ ಕಾರು, ನಾರಾಯಣ್ ಕಾರ್ತಿಕೇಯನ್ ಓಡಿಸಿದ ಎಚ್‌ಆರ್‌ಟಿ, ಗೆದ್ದ ವೆಟೆಲ್‌ನ ರೆಡ್‌ಬುಲ್ ಎಲ್ಲಕ್ಕೂ ಆ ಮೆಟ್ಟಿಲು ಇದ್ದದ್ದು ನೆನಪಿರಬಹುದು. ಮೆಕ್‌ಲಾರೆನ್‌ನವರು ಚಾಸಿಯನ್ನೇ ತಗ್ಗಿಸಿಕೊಂಡಿದ್ದರಿಂದ ಅವರಿಗೆ ಮೆಟ್ಟಿಲಿರಲಿಲ್ಲ. ಮರುವರ್ಷ ಅದನ್ನು ಮುಚ್ಚಲು ತೆಳುವಾದ ಹಾಳೆ ಹಾಕಿಕೊಳ್ಳಬಹುದು ಎಂದು ಅಧಿಕಾರಿಗಳೇ ಅನುಮತಿ ಕೊಟ್ಟರು. ಚೆಂದಕ್ಕಾಗಿಯೇ ಬರೆದ ನಿಯಮ ಈ ಆಟದಲ್ಲಿ ಅಪರೂಪ.

ವಿಚಿತ್ರ ರೇಸ್ ಕಾರು ಕಂಡಾಗ ಎರಡು ಪ್ರಶ್ನೆ ಕೇಳಿಕೊಂಡರೆ ನೋಟವೇ ಬದಲಾಗುತ್ತದೆ. ಅದು ಯಾವ ನಿಯಮಕ್ಕೆ, ಯಾವ ತೊಂದರೆಗೆ ಕೊಟ್ಟ ಉತ್ತರ? ಮತ್ತೆ, ಅದು ಸೋತಿದ್ದರೆ ಕೈಕೊಟ್ಟ ಭಾಗ ಯಾವುದು? ಹಳೆಯ ದಾಖಲೆ ತಿರುವಿದರೆ ಜನ ಬೆರಳು ಮಾಡಿ ನಕ್ಕ ಭಾಗ ಬಹಳ ಸಲ ತನ್ನ ಕೆಲಸ ಸರಿಯಾಗಿಯೇ ಮಾಡಿರುತ್ತದೆ. ಕೆಟ್ಟಿದ್ದು ಯಾರೂ ಫೋಟೋ ತೆಗೆಯದ ಇನ್ಯಾವುದೋ.

ಇದಕ್ಕೆ ವಿರುದ್ಧವಾದ ಉದಾಹರಣೆಯಿಂದಲೇ ಶುರು ಮಾಡೋಣ, ಆಕಾರವೇ ತಪ್ಪಾಗಿದ್ದ ಕಾರು. 1923ರ ಫ್ರೆಂಚ್ ಗ್ರ್ಯಾನ್ ಪ್ರೀಗೆ ಬುಗಾಟಿ ತಂದ ಟೈಪ್ 32 ಪಕ್ಕದಿಂದ ನೋಡಿದರೆ ವಿಮಾನದ ರೆಕ್ಕೆಯ ಸೀಳು. ಅದರ ಅಡ್ಡಹೆಸರೇ ಟ್ಯಾಂಕ್. ಗಾಳಿಯನ್ನು ಸೀಳಿಕೊಂಡು ಹೋಗಲು ರೆಕ್ಕೆಯಷ್ಟು ಒಳ್ಳೆಯ ಆಕಾರ ಬೇರಿಲ್ಲ ಎಂಬ ತರ್ಕ ಅರ್ಧ ನಿಜ. ಉಳಿದರ್ಧ ಮಲೆನಾಡಿನವರಿಗೆ ಗೊತ್ತು. ಮುಂಗಾರು ಹಿಡಿಯುವ ಮೊದಲಿನ ಗಾಳಿಗೆ ಕೊಟ್ಟಿಗೆಯ ಶೀಟು ಹಾರುವುದು ಗಾಳಿ ಕೆಳಗಿಂದ ನುಗ್ಗಿ ತಳ್ಳಿದ್ದಕ್ಕೆ ಮಾತ್ರವಲ್ಲ. ಮಾಡಿನ ಮೇಲೆ ವೇಗವಾಗಿ ಹಾಯುವ ಗಾಳಿ ಅಲ್ಲಿ ಒತ್ತಡ ಇಳಿಸಿ ಶೀಟನ್ನು ಮೇಲಕ್ಕೆ ಎಳೆಯುತ್ತದೆ. ಬುಗಾಟಿಯ ಬೆನ್ನಿನ ಮೇಲೆ ಆದದ್ದೂ ಅದೇ. ಜೊತೆಗೆ ಮುಂಚಕ್ರಕ್ಕೂ ಹಿಂಚಕ್ರಕ್ಕೂ ನಡುವೆ ಎರಡು ಮೀಟರಷ್ಟೇ ಅಂತರ, ಹೀಗಾಗಿ ವೇಗದಲ್ಲಿ ನೇರ ನಿಲ್ಲುವ ಸ್ವಭಾವವೇ ಕಾರಿಗಿರಲಿಲ್ಲ. ಆದರೂ ಅರ್ನೆಸ್ಟ್ ಫ್ರೀಡರಿಶ್ ಅದನ್ನು ಮೂರನೆಯ ಸ್ಥಾನಕ್ಕೆ ತಂದ. ಆತನ ತೋಳುಗಳಿಗೊಂದು ನಮಸ್ಕಾರ.

ಗಾಳಿ ಎತ್ತುತ್ತದೆ ಎಂಬುದನ್ನು ರೇಸಿಂಗ್ ಜಗತ್ತು ಗಂಭೀರವಾಗಿ ತಿರುವಿ ಹಾಕಿದ್ದು 1960ರ ದಶಕದಲ್ಲಿ. ಅಲ್ಲಿಯವರೆಗೆ ಗಾಳಿಯನ್ನು ಜಾರಿಸುವುದೊಂದೇ ಗುರಿ. ಫ್ರಾನ್ಸ್‌ನಲ್ಲಿ 24 ತಾಸು ನಡೆಯುವ ಲೆ ಮಾನ್ಸ್ ರೇಸಿಗೆ 1950ರಲ್ಲಿ ಅಮೆರಿಕದ ಬ್ರಿಗ್ಸ್ ಕನಿಂಗ್‌ಹ್ಯಾಮ್ ಎರಡು ಕ್ಯಾಡಿಲಾಕ್ ಒಯ್ದ. ಒಂದು ಹೆಚ್ಚುಕಡಿಮೆ ಷೋರೂಮಿನ ಕಾರು. ಇನ್ನೊಂದಕ್ಕೆ ಗ್ರಮ್ಮನ್ ವಿಮಾನ ಕಂಪನಿಯ ಎಂಜಿನಿಯರು ಗಾಳಿಸುರಂಗದಲ್ಲಿ ಪರೀಕ್ಷಿಸಿ ರೂಪಿಸಿದ ಅಲ್ಯೂಮಿನಿಯಂ ಮೈ, ಎಂಜಿನ್ ಮೇಲೆ ಐದು ಕಾರ್ಬುರೇಟರ್. ಫ್ರೆಂಚರು ಅದಕ್ಕೆ ರಾಕ್ಷಸ ಎಂದೇ ಹೆಸರಿಟ್ಟರು. ರಾಕ್ಷಸ ಶುರುವಿನಲ್ಲೇ ಮರಳಿಗೆ ಇಳಿದು, ಕನಿಂಗ್‌ಹ್ಯಾಮ್ ಅದನ್ನು ತೋಡಿ ತೆಗೆಯಬೇಕಾಯಿತು. ಕೊನೆಗೆ ಷೋರೂಮಿನ ಕಾರು ಹತ್ತನೆಯದು, ರಾಕ್ಷಸ ಹನ್ನೊಂದನೆಯದು. ಕಾರಣ ಮೈಯಲ್ಲ, ಮರಳು. 1955ರಲ್ಲಿ ಅಲ್ಲಿಗೇ ಬಂದ ನಾರ್ಡಿ ಬಿಸಿಲುರೋ ಇನ್ನೂ ವಿಚಿತ್ರ: ಎರಡು ಟಾರ್ಪಿಡೊ, ಒಂದರಲ್ಲಿ ಚಾಲಕ, ಇನ್ನೊಂದರಲ್ಲಿ 735 ಸಿಸಿ ಎಂಜಿನ್, ಒಟ್ಟು ತೂಕ 450 ಕೆಜಿ ಆಸುಪಾಸು. ಆಕಾರ ಗಾಳಿಯನ್ನು ಚೆನ್ನಾಗಿಯೇ ಸೀಳಿತು, ಆದರೆ ಅಷ್ಟು ಹಗುರದ ಕಾರನ್ನು ಪಕ್ಕದಲ್ಲಿ ಹಾದುಹೋದ ದೊಡ್ಡ ಕಾರಿನ ಗಾಳಿಯೇ ರಸ್ತೆಯಿಂದಾಚೆ ತಳ್ಳಿತು.

ರೆಕ್ಕೆಯನ್ನು ತಲೆಕೆಳಗು ಮಾಡಿ ಕಂಬದ ಮೇಲೆ ಏರಿಸಿದ್ದು ಟೆಕ್ಸಾಸ್‌ನ ಜಿಮ್ ಹಾಲ್, 1966ರ ಚಾಪರಲ್ 2ಇ ಕಾರಿನಲ್ಲಿ. ಕಾರಿನ ಹಿಂದೆ ಆಳೆತ್ತರಕ್ಕೆ ನಿಂತ ಆ ರೆಕ್ಕೆ ಈಗಲೂ ಕಣ್ಣಿಗೆ ಕುಕ್ಕುತ್ತದೆ. ಜಾಣತನ ಇದ್ದದ್ದು ಕಂಬದ ಬುಡದಲ್ಲಿ. ಅದು ಕಾರಿನ ಮೈಗೆ ಕೂರದೆ, ಹಿಂಚಕ್ರವನ್ನು ಹಿಡಿದಿರುವ ಅಪ್‌ರೈಟ್ ಎಂಬ ಭಾಗಕ್ಕೇ ಕೂತಿತ್ತು. ಗಾಳಿಯ ಒತ್ತಡ ಸ್ಪ್ರಿಂಗನ್ನು ಅದುಮದೆ ನೇರ ಟೈರಿಗೆ ಇಳಿಯುತ್ತಿತ್ತು, ಹೀಗಾಗಿ ಸ್ಪ್ರಿಂಗ್ ಮೆತ್ತಗೇ ಇಟ್ಟುಕೊಳ್ಳಬಹುದಿತ್ತು. ಗೇರ್‌ಬಾಕ್ಸ್‌ಗೆ ಕ್ಲಚ್ ಪೆಡಲ್ ಇಲ್ಲದ್ದರಿಂದ ಬಿಡುವಾಗಿದ್ದ ಎಡಗಾಲಿಗೆ ಇನ್ನೊಂದು ಪೆಡಲ್. ನೇರ ರಸ್ತೆಯಲ್ಲಿ ಅದನ್ನು ಒತ್ತಿ ರೆಕ್ಕೆಯನ್ನು ಚಪ್ಪಟೆ ಮಾಡುವುದು, ತಿರುವಿಗೆ ಬಿಡುವುದು.

ಇಲ್ಲೊಂದು ಲೆಕ್ಕ ಹಾಕಿಬಿಡೋಣ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರ. 30 ಡಿಗ್ರಿ ಬಿಸಿಲಿನಲ್ಲಿ ಇಲ್ಲಿನ ಒಂದು ಘನ ಮೀಟರ್ ಗಾಳಿ 1.1 ಕೆಜಿ ತೂಗುತ್ತದೆ. ಒಂದು ಚದರ ಮೀಟರಿನ ಒಳ್ಳೆಯ ರೆಕ್ಕೆ, ಅದರ ಲಿಫ್ಟ್ ಗುಣಾಂಕ (ರೆಕ್ಕೆ ಗಾಳಿಯಿಂದ ಎಷ್ಟು ಬಲ ತೆಗೆಯುತ್ತದೆ ಎಂಬುದರ ಅಳತೆ) 2 ಎಂದಿಟ್ಟುಕೊಳ್ಳಿ. ಗಂಟೆಗೆ 54 ಕಿ.ಮೀ.ನಲ್ಲಿ ಅದು ಒತ್ತುವುದು 25 ಕೆಜಿ. ವೇಗ ಎರಡು ಪಟ್ಟಾಗಿ 108ಕ್ಕೆ ಹೋದರೆ 100 ಕೆಜಿ. 216ಕ್ಕೆ 400 ಕೆಜಿ. ವೇಗದ ವರ್ಗಕ್ಕೆ ಅನುಗುಣವಾಗಿ ಏರುವ ಈ ಅಂಕಿಗಳೇ ರೇಸಿಂಗ್ ಕಾರುಗಳ ರೂಪ ಕೆಡಿಸಿದ್ದು. ಊರಿನ ಹ್ಯಾಚ್‌ಬ್ಯಾಕಿನ ಡಿಕ್ಕಿಗೆ ಒಂದಡಿ ಅಗಲದ ಪ್ಲಾಸ್ಟಿಕ್ ರೆಕ್ಕೆ ಕೂರಿಸಿ ಸಾಗರ ರಸ್ತೆಯಲ್ಲಿ 60ರಲ್ಲಿ ಹೋಗುವವರಿಗೆ ಸಿಗುವ ಒತ್ತಡವನ್ನು ಓದುಗರೇ ಅಂದಾಜು ಮಾಡಿಕೊಳ್ಳಲಿ. ಒಂದು ಮೂಟೆ ಅಕ್ಕಿ ಡಿಕ್ಕಿಯೊಳಗಿಟ್ಟರೆ ಅದಕ್ಕಿಂತ ಹೆಚ್ಚು ಸಿಗುತ್ತದೆ.

ಹಾಲ್‌ನ ರೆಕ್ಕೆಯನ್ನು 1968ರಲ್ಲಿ ಫಾರ್ಮುಲಾ ಒನ್ ತಂಡಗಳೆಲ್ಲ ನಕಲು ಮಾಡಿದವು, ಕಂಬವನ್ನು ಮಾತ್ರ ಅಷ್ಟು ಶ್ರದ್ಧೆಯಿಂದ ಮಾಡಲಿಲ್ಲ. 1969ರಲ್ಲಿ ಬಾರ್ಸಿಲೋನಾದ ಮಾಂಜುಯಿಕ್ ರಸ್ತೆಯಲ್ಲಿ ಒಂದು ಏರು, ಅದನ್ನು ದಾಟಿದ ಕೂಡಲೇ ಇಳಿತ. ಏರಿನ ನೆತ್ತಿಯಲ್ಲಿ ಕಾರು ಹಗುರವಾಗುತ್ತದೆ, ಚಕ್ರ ಕೆಳಗಿಳಿಯುತ್ತದೆ, ಮರುಕ್ಷಣ ಪೂರ್ತಿ ಭಾರ ಮತ್ತೆ ಬೀಳುತ್ತದೆ. ತೆಳು ಕಂಬಕ್ಕೆ ಇದು ಪ್ರತಿ ಸುತ್ತೂ ಬೀಳುವ ಪೆಟ್ಟು. ಮೊದಲು ಗ್ರಹಾಂ ಹಿಲ್‌ನ ಲೋಟಸ್, ಆಮೇಲೆ ಅದೇ ಜಾಗದಲ್ಲಿ ಯೋಕೆನ್ ರಿಂಟ್‌ನ ಲೋಟಸ್. ಎರಡರ ರೆಕ್ಕೆಯೂ ಕುಸಿಯಿತು, ರಿಂಟ್‌ನ ಕಾರು ಹಿಲ್‌ನ ಕಾರಿನ ಅವಶೇಷಕ್ಕೇ ಹೋಗಿ ಗುದ್ದಿತು. ಮುಂದಿನ ರೇಸ್ ಮೊನಾಕೊದಲ್ಲಿ, ಅಭ್ಯಾಸದ ನಡುವೆಯೇ ಎತ್ತರದ ರೆಕ್ಕೆಗಳಿಗೆ ನಿಷೇಧ.

ಆರು ಚಕ್ರದ ಟಿರೆಲ್ ಪಿ34 ಬಗ್ಗೆ ನಗುವವರು ಬಹಳ, ಅದು ಗೆದ್ದ ಕಾರು ಎಂದು ಬಲ್ಲವರು ಕಡಿಮೆ. ಅದನ್ನು ರೂಪಿಸಿದ ಡೆರೆಕ್ ಗಾರ್ಡನರ್‌ನ ತರ್ಕ ನೇರ. ಆಗ ಎಲ್ಲ ತಂಡಗಳಿಗೂ ಹೆಚ್ಚುಕಡಿಮೆ ಒಂದೇ ಎಂಜಿನ್, ಒಂದೇ ಟೈರ್. ಮುಂದೆ ಹೋಗಬೇಕಾದರೆ ಗಾಳಿಯ ಎಳೆತ ಕಡಿಮೆ ಮಾಡಬೇಕು. ಮುಂದಿನ ರೆಕ್ಕೆಯ ಅಗಲ ಒಂದೂವರೆ ಮೀಟರ್ ಮೀರುವಂತಿರಲಿಲ್ಲ. ಹತ್ತಿಂಚಿನ ಪುಟ್ಟ ಚಕ್ರಗಳಾದರೆ ಅದರ ಹಿಂದೆ ಅಡಗುತ್ತವೆ. ಪುಟ್ಟ ಚಕ್ರಕ್ಕೆ ಹಿಡಿತ ಸಾಲದು, ಆದ್ದರಿಂದ ಬದಿಗೆ ಎರಡರಂತೆ ನಾಲ್ಕು. ನಾಲ್ಕು ಚಕ್ರವೆಂದರೆ ಮುಂದೆಯೇ ನಾಲ್ಕು ಬ್ರೇಕ್ ಡಿಸ್ಕ್. ಚಾಲಕನಿಗೆ ಆ ಪುಟ್ಟ ಚಕ್ರ ಕಾಣಲೆಂದು ಕಾಕ್‌ಪಿಟ್‌ನ ಪಕ್ಕದಲ್ಲಿ ಕಿಟಕಿಯನ್ನೂ ಕೊಯ್ದರು. 1976ರ ಸ್ವೀಡಿಷ್ ಗ್ರ್ಯಾನ್ ಪ್ರೀಯಲ್ಲಿ ಜೋಡಿ ಶೆಕ್ಟರ್ ಮೊದಲು, ಪ್ಯಾಟ್ರಿಕ್ ಡೆಪೈಯೆ ಎರಡನೆಯವ. ವರ್ಷದ ಕೊನೆಗೆ ಚಾಂಪಿಯನ್‌ಶಿಪ್ ಪಟ್ಟಿಯಲ್ಲಿ ಇಬ್ಬರೂ ಮೂರು ಮತ್ತು ನಾಲ್ಕು.

ಮತ್ತೆ ಸತ್ತದ್ದು ಯಾಕೆ? ಟೈರಿನಿಂದ. ಹತ್ತಿಂಚಿನ ರೇಸಿಂಗ್ ಟೈರ್ ಬೇಕಿದ್ದದ್ದು ಜಗತ್ತಿನಲ್ಲಿ ಈ ಒಂದು ತಂಡಕ್ಕೆ. ಗುಡ್‌ಇಯರ್ ದೊಡ್ಡ ಹಿಂಟೈರುಗಳನ್ನು ಎಲ್ಲರಿಗಾಗಿ ತಿದ್ದುತ್ತ ಹೋಯಿತು, ಪುಟ್ಟದ್ದು ಇದ್ದಲ್ಲೇ ಉಳಿಯಿತು. ಹಿಂದಿನ ಹಿಡಿತ ಏರಿ ಮುಂದಿನದು ನಿಂತರೆ ಕಾರು ತಿರುವಿನಲ್ಲಿ ತಿರುಗದೆ ನೇರ ಸಾಗುತ್ತದೆ. 1977ರ ಕಾರು ತೂಕವನ್ನೂ ಹೆಚ್ಚಿಸಿಕೊಂಡಿತು. 1978ಕ್ಕೆ ಟಿರೆಲ್ ನಾಲ್ಕು ಚಕ್ರಕ್ಕೆ ಮರಳಿತು, 1983ರಿಂದ ನಿಯಮವೇ ನಾಲ್ಕು ಚಕ್ರ ಎಂದಿತು. ಗಾರ್ಡನರ್‌ನ ಲೆಕ್ಕದಲ್ಲೂ ಒಂದು ಸಣ್ಣ ತೂತು ಇತ್ತೆನ್ನಿ: ಮುಂದೆ ಎಷ್ಟೇ ಅಡಗಿಸಿದರೂ ಹಿಂದಿನ ಎರಡು ಭಾರಿ ಟೈರುಗಳು ಗಾಳಿಗೆ ಎದೆಯೊಡ್ಡಿ ನಿಂತೇ ಇದ್ದವು.

ಟಿರೆಲ್ ಗೆದ್ದ ಎರಡು ವರ್ಷದ ನಂತರ, 1978ರಲ್ಲಿ, ಅದೇ ಸ್ವೀಡನ್, ಅದೇ ಆಂಡರ್‌ಸ್ಟಾರ್ಪ್ ಟ್ರ್ಯಾಕ್. ಬ್ರಾಬಮ್ ಬಿಟಿ46ಬಿ ಕಾರಿನ ಹಿಂದೆ ದೊಡ್ಡದೊಂದು ಫ್ಯಾನ್. ಕಾರು ನಿಂತಾಗ ಅದು ಕಾಣದಂತೆ ಕಸದ ಡಬ್ಬಿಯ ಮುಚ್ಚಳ ಮುಚ್ಚುತ್ತಿದ್ದರು. ಆ ಹೊತ್ತಿಗೆ ಲೋಟಸ್ ತಳದ ಎರಡು ಬದಿಯಲ್ಲಿ ಗಾಳಿಯ ಸುರಂಗ ಮಾಡಿ ಎಲ್ಲರನ್ನೂ ಸೋಲಿಸುತ್ತಿತ್ತು. ಬ್ರಾಬಮ್‌ನ ಆಲ್ಫಾ ರೋಮಿಯೋ ಎಂಜಿನ್ ಅಡ್ಡಡ್ಡ ಮಲಗಿದ 12 ಸಿಲಿಂಡರಿನದು, ಸುರಂಗಕ್ಕೆ ಜಾಗವೇ ಇಲ್ಲ. ಬ್ರಾಬಮ್‌ನ ವಿನ್ಯಾಸಕಾರ ಗಾರ್ಡನ್ ಮರ್ರೆ ರೇಡಿಯೇಟರನ್ನು ಎಂಜಿನ್ ಮೇಲೆ ಮಲಗಿಸಿ, ಹೊರಗಿನ ಗಾಳಿ ನುಗ್ಗದಂತೆ ತಳದ ಸುತ್ತ ನೆಲದವರೆಗೆ ಅಂಚುಪಟ್ಟಿ, ಅಂದರೆ ಸ್ಕರ್ಟ್ ಕಟ್ಟಿ, ಗೇರ್‌ಬಾಕ್ಸ್ ಮೂಲಕ ತಿರುಗುವ ಫ್ಯಾನಿನಿಂದ ಒಳಗಿನ ಗಾಳಿ ಹೊರಗೆಳೆದ. ಕೇಳಿದರೆ, ಇದು ಎಂಜಿನ್ ತಣಿಸಲು ಸ್ವಾಮಿ. ಚಲಿಸುವ ಏರೋಡೈನಾಮಿಕ್ ಸಾಧನ ನಿಷಿದ್ಧ, ಆದರೆ ಮುಖ್ಯ ಉದ್ದೇಶ ತಣಿಸುವುದಾದರೆ?

ಫ್ಯಾನ್ ಮಾಡುವ ಕೆಲಸದ ಅಳತೆ ಹೀಗೆ. ತಳದ ವಿಸ್ತೀರ್ಣ 2 ಚದರ ಮೀಟರ್ ಅಂದುಕೊಂಡು, ಅಲ್ಲಿನ ಒತ್ತಡವನ್ನು ಹೊರಗಿನದಕ್ಕಿಂತ ಶೇಕಡ 2ರಷ್ಟು ಇಳಿಸಿದರೂ ಕಾರಿನ ಮೇಲೆ 400 ಕೆಜಿ ಬೀಳುತ್ತದೆ. ಮೇಲಿನ ರೆಕ್ಕೆ 216 ಕಿ.ಮೀ. ವೇಗದಲ್ಲಿ ಕೊಟ್ಟಷ್ಟೇ ಇದು. ಫ್ಯಾನ್ ಅದನ್ನು ಹೇರ್‌ಪಿನ್ ತಿರುವಿನಲ್ಲೂ ಕೊಡುತ್ತದೆ. ನಿಂತಲ್ಲೇ ಎಕ್ಸಲರೇಟರ್ ಒತ್ತಿದರೆ ಕಾರು ನೆಲಕ್ಕೆ ಕುಸಿಯುವುದು ಕಣ್ಣಿಗೇ ಕಾಣುತ್ತಿತ್ತು. ನಿಕಿ ಲೌಡಾ ಅರ್ಧ ನಿಮಿಷಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದ. ಗಲಾಟೆ ಎದ್ದು ತಂಡವೇ ಕಾರನ್ನು ಹಿಂದಕ್ಕೆ ಪಡೆಯಿತು. ಒಂದು ರೇಸ್, ಒಂದು ಗೆಲುವು.

ಈ ಫ್ಯಾನಿನ ಅಣ್ಣ 1970ರ ಚಾಪರಲ್ 2ಜೆ, ಮತ್ತೆ ಜಿಮ್ ಹಾಲ್‌ನದೇ. ನನ್ನ ಲೆಕ್ಕದಲ್ಲಿ ಇದಕ್ಕಿಂತ ಕುರೂಪವಾದ, ಇದಕ್ಕಿಂತ ಬುದ್ಧಿವಂತ ಕಾರು ಇನ್ನೊಂದಿಲ್ಲ. ಹಿಂಭಾಗ ಪೆಟ್ಟಿಗೆಯಂತೆ ಚೌಕ, ಅಲ್ಲಿ ಎರಡು ಫ್ಯಾನ್. ಅವುಗಳನ್ನು ತಿರುಗಿಸಲು ಹಿಮದ ಸ್ಕೂಟರಿನ ಟೂ ಸ್ಟ್ರೋಕ್ ಎಂಜಿನ್ ಪ್ರತ್ಯೇಕವಾಗಿ. ಪಾಲಿಕಾರ್ಬೊನೇಟ್ ಸ್ಕರ್ಟುಗಳನ್ನು ಸಸ್ಪೆನ್ಶನ್‌ಗೆ ಕೇಬಲ್‌ನಿಂದ ಜೋಡಿಸಿದ್ದರು. ಕಾರು ಏಳಲಿ ಬೀಳಲಿ, ನೆಲಕ್ಕೂ ಸ್ಕರ್ಟಿಗೂ ಇದ್ದ ಸಂದು ಹೆಚ್ಚುತ್ತಿರಲಿಲ್ಲ. ವಿಕ್ ಎಲ್ಫೋರ್ಡ್ ರಿವರ್‌ಸೈಡ್ ಟ್ರ್ಯಾಕಿನಲ್ಲಿ ಎರಡು ಸೆಕೆಂಡಿಗೂ ಹೆಚ್ಚು ಅಂತರದಿಂದ ಪೋಲ್, ಅಂದರೆ ರೇಸ್ ಶುರುವಿನ ಮೊದಲ ಸ್ಥಾನ ಹಿಡಿದ. ಒಂದು ರೇಸೂ ಗೆಲ್ಲಲಿಲ್ಲ. ಹೀರುವ ವಿದ್ಯೆ ಕೈಕೊಡಲಿಲ್ಲ. ಕೈಕೊಟ್ಟದ್ದು ಮುಖ್ಯವಾಗಿ ಆ ಪುಟ್ಟ ಎಂಜಿನ್. ಗಂಟೆಗಟ್ಟಲೆ ಪೂರ್ತಿ ವೇಗದಲ್ಲಿ ತಿರುಗಲು ಅದನ್ನು ಯಾರೂ ಮಾಡಿರಲಿಲ್ಲ. ಋತು ಮುಗಿಯುತ್ತಲೇ ನಿಷೇಧವೂ ಬಂತು.

ಅದಕ್ಕೂ ಮೊದಲು, 1967ರ ಇಂಡಿಯಾನಾಪೊಲಿಸ್‌ನಲ್ಲಿ ಎಂಜಿನ್ನನ್ನು ಚಾಲಕನ ಎಡಪಕ್ಕಕ್ಕೆ ಮಲಗಿಸಿದ ಎಸ್‌ಟಿಪಿ ಟರ್ಬೈನ್ ಕಾರು ಬಂದಿತ್ತು. ಪಾರ್ನೆಲಿ ಜೋನ್ಸ್ 200ರಲ್ಲಿ 171 ಸುತ್ತು ಮುಂದಿದ್ದ. ಮೂರು ಸುತ್ತು ಉಳಿದಾಗ ಗೇರ್‌ಬಾಕ್ಸಿನ ಒಂದು ಬೇರಿಂಗ್ ಹೋಯಿತು. ಬೆಲೆ ಆರು ಡಾಲರ್ ಎಂದು ಇವತ್ತಿಗೂ ಹೇಳುತ್ತಾರೆ. ಲೇತ್ ಮುಂದೆ ನಿಂತು ಬೇರಿಂಗ್ ಹೌಸಿಂಗ್ ಕೊರೆಯುವ ನಮ್ಮ ಆಟೋ ಕಾಂಪ್ಲೆಕ್ಸಿನವರಿಗೆ ಇದನ್ನು ವಿವರಿಸಬೇಕಿಲ್ಲ.

1970ರ ದಶಕದ ಉಳಿದ ವಿಚಿತ್ರಗಳನ್ನು ಬೇಗ ದಾಟೋಣ. ಮಾರ್ಚ್ 711ರ ಮೂತಿಯ ಮೇಲೆ ಒಂಟಿ ಕಂಬಕ್ಕೆ ನಿಂತ ಚಹಾ ತಟ್ಟೆಯಂಥ ರೆಕ್ಕೆ. ರೋನಿ ಪೀಟರ್‌ಸನ್ ಒಂದೂ ರೇಸ್ ಗೆಲ್ಲದೆ 1971ರ ಚಾಂಪಿಯನ್‌ಶಿಪ್‌ನಲ್ಲಿ ಎರಡನೆಯವನಾದ. ಲಿಜಿಯೆ ಜೆಎಸ್5ರಲ್ಲಿ ಎಂಜಿನ್ನಿಗೆ ಗಾಳಿ ಒದಗಿಸುತ್ತಿದ್ದ ಬೃಹತ್ ಗೂಡನ್ನು 1976ರ ಸ್ಪೇನ್ ರೇಸಿನಿಂದ ನಿಯಮ ಮೋಟು ಮಾಡಿತು. ಐಫೆಲ್‌ಲ್ಯಾಂಡ್ ಕಾರಿಗೆ ವಿನ್ಯಾಸಕಾರ ಲುಯಿಜಿ ಕೊಲಾನಿ ಚಾಲಕನ ಕಣ್ಣೆದುರೇ ಒಂದು ಕಂಬದ ಮೇಲೆ ಒಂಟಿ ಕನ್ನಡಿ ನಿಲ್ಲಿಸಿದ. ಇದೊಂದು ಮಾತ್ರ ಯಾವ ಲೆಕ್ಕಕ್ಕೂ ಸಿಗದ ಶುದ್ಧ ಶೋಕಿ ಎಂದು ನನಗನಿಸುತ್ತದೆ. 1979ರ ಎನ್‌ಸೈನ್ ಎನ್179 ಬದಿಗಳನ್ನು ಸುರಂಗಕ್ಕೆ ಬಿಟ್ಟುಕೊಡಲು ರೇಡಿಯೇಟರುಗಳನ್ನೆಲ್ಲ ಮೂತಿಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿತು. ಬಿಸಿಗಾಳಿ ಹೋಗುವುದೆಲ್ಲಿಗೆ? ನೇರ ಚಾಲಕನ ಮುಖಕ್ಕೆ.

2004ರ ವಿಲಿಯಮ್ಸ್ ಎಫ್‌ಡಬ್ಲ್ಯು26ರ ಮೂತಿಗೆ ಸ್ವಲ್ಪ ನಿಲ್ಲಬೇಕು. ಕೋರೆಹಲ್ಲಿನ ಕಡಲಪ್ರಾಣಿ ವಾಲ್ರಸ್‌ನ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಮುಂದಿನ ಸಸ್ಪೆನ್ಶನ್‌ನ ಕೆಳತೋಳುಗಳನ್ನು ಹಿಡಿಯಲು ಕಾರಿನಡಿ ಕೆಳಕ್ಕೆ ಚಾಚಿದ ಎರಡು ಪ್ರತ್ಯೇಕ ಏಣು, ಅಂದರೆ ಕೀಲ್ ಇಟ್ಟು, ನಡುವೆ ಗಾಳಿಗೆ ಅಗಲ ದಾರಿ ಬಿಟ್ಟರು. ರೆಕ್ಕೆಯನ್ನು ಹಿಡಿದ ಎರಡು ಕಂಬಗಳೂ ಅಷ್ಟೇ ದೂರ ಸರಿದು ಮೂತಿ ಗಿಡ್ಡವಾಗಿ, ಅಗಲವಾಗಿ ಬಂತು. ಗಿಡ್ಡ ಮೂತಿ ಅಪಘಾತದ ಪರೀಕ್ಷೆ ಪಾಸಾಗಬೇಕೆಂದರೆ ಕಡಿಮೆ ಉದ್ದದಲ್ಲೇ ಅಷ್ಟೂ ಶಕ್ತಿ ಹೀರಬೇಕು, ಅದಕ್ಕೆ ದಪ್ಪ ಬೇಕು, ದಪ್ಪವೆಂದರೆ ಕಾರಿನ ತುತ್ತತುದಿಯಲ್ಲಿ ತೂಕ. ಹಂಗೇರಿ ರೇಸಿನ ಹೊತ್ತಿಗೆ ಸಾದಾ ಮೂತಿ ಬಂತು. ವರ್ಷದ ಕೊನೆಯ ಬ್ರೆಜಿಲ್ ರೇಸನ್ನು ಮೊಂಟೊಯಾ ಅದರಲ್ಲೇ ಗೆದ್ದ.

ಹತ್ತಿರದ ವರ್ಷಗಳಲ್ಲಿ ವಿನ್ಯಾಸಕಾರ ಬೆನ್ ಬೌಲ್ಬಿ ಎರಡು ಸಲ ಜಗತ್ತನ್ನು ಬೆಚ್ಚಿಬೀಳಿಸಿದ. 2012ರ ಡೆಲ್ಟಾವಿಂಗ್‌ಗೆ ಮುಂದಿನ ಎರಡು ಚಕ್ರಗಳ ನಡುವೆ ಅರವತ್ತು ಸೆಂ.ಮೀ. ಅಂತರ, ಟೈರಿನ ಅಗಲ ನಾಲ್ಕೇ ಇಂಚು. ಉರುಳುವುದಿಲ್ಲವೇ ಎಂದು ಎಲ್ಲರ ಪ್ರಶ್ನೆ. ತೂಕದ ಶೇಕಡ 70ಕ್ಕೂ ಹೆಚ್ಚು ಹಿಂದಿನ ಅಗಲವಾದ ಚಕ್ರಗಳ ಮೇಲಿತ್ತು, ಮುಂದಿನ ಟೈರು ಹೊರಬೇಕಾದ ಭಾರವೇ ಕಡಿಮೆ, ನಾಲ್ಕಿಂಚು ಸಾಕಾಯಿತು. ಸುಮಾರು 300 ಅಶ್ವಶಕ್ತಿಯಲ್ಲಿ ಎರಡು ಪಟ್ಟು ಭಾರದ ಕಾರುಗಳ ನಡುವೆ ಓಡುತ್ತಿದ್ದಾಗ ಒಂದು ಟೊಯೋಟಾ ಅದನ್ನು ಗೋಡೆಗೆ ತಳ್ಳಿತು. ಚಾಲಕ ಮೊಟೊಯಾಮಾ ಬೇಲಿಯಾಚೆ ನಿಂತ ಮೆಕ್ಯಾನಿಕ್‌ಗಳ ಸೂಚನೆ ಕೇಳುತ್ತ ತಾಸಿಗೂ ಹೆಚ್ಚು ಹೊತ್ತು ಒಬ್ಬನೇ ರಿಪೇರಿಗೆ ಕೂತ, ಆಗಲಿಲ್ಲ. 2015ರ ನಿಸ್ಸಾನ್ ಜಿಟಿ-ಆರ್ ಎಲ್‌ಎಂ ಇದರ ತಿರುಗುಮುರುಗು: ಎಂಜಿನ್ ಮುಂದೆ, ಎಳೆಯುವುದೂ ಮುಂಚಕ್ರ, ಮುಂದಿನ ಟೈರು 14 ಇಂಚು ಅಗಲ, ಹಿಂದಿನದು 9. ಬ್ರೇಕ್ ಹಾಕಿದಾಗ ಶಕ್ತಿ ಹಿಂಪಡೆಯುವ ಹೈಬ್ರಿಡ್ ವ್ಯವಸ್ಥೆ ಕೆಲಸ ಮಾಡದೆ, ಆ ಹೊರೆಯೂ ಬ್ರೇಕ್ ಡಿಸ್ಕ್‌ಗಳ ಮೇಲೇ ಬಿದ್ದು ಅವು ಕಾದವು. ವರ್ಷ ಮುಗಿಯುವ ಮೊದಲೇ ಯೋಜನೆ ರದ್ದಾಯಿತು.

ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವಿದ್ಯಾರ್ಥಿ ಸ್ಪರ್ಧೆಗೆ ಕಾರು ಕಟ್ಟುವ ಹುಡುಗ ಹುಡುಗಿಯರು ಇಂಥ ಫೋಟೋಗಳನ್ನು ಗೋಡೆಗೆ ಅಂಟಿಸಿಕೊಳ್ಳುತ್ತಾರೆ. ರೆಕ್ಕೆ ಹಾಕುವ ಮನಸ್ಸಿದ್ದರೆ ಮೊದಲು ಗಾಳಿ ಎಲ್ಲಿ ಹೋಗುತ್ತದೆಂದು ನೋಡಿ. ಆರು ಸೆಂ.ಮೀ. ಉದ್ದದ ಉಣ್ಣೆ ನೂಲಿನ ತುಂಡುಗಳನ್ನು ಒಂದು ತುದಿಗೆ ಮಾತ್ರ ಟೇಪು ಹಾಕಿ, ಹತ್ತು ಸೆಂ.ಮೀ.ಗೊಂದರಂತೆ ಮೈಗೆ ಅಂಟಿಸಿ, ಕಾಲೇಜು ಮೈದಾನದಲ್ಲಿ ಓಡಿಸಿ ಪಕ್ಕದಿಂದ ವಿಡಿಯೋ ಮಾಡಿ. ನೂಲು ಮೈಗೆ ಹತ್ತಿ ಹಿಂದಕ್ಕೆ ಮಲಗಿದ್ದರೆ ಗಾಳಿ ಅಂಟಿದೆ. ಚಡಪಡಿಸುತ್ತ ಮುಂದಕ್ಕೆ ತಿರುಗಿದರೆ ಅಲ್ಲಿ ಗಾಳಿ ಬಿಟ್ಟುಹೋಗಿದೆ, ಅದರ ಹಿಂದೆ ರೆಕ್ಕೆ ಇಟ್ಟು ಪ್ರಯೋಜನವಿಲ್ಲ. ಆಮೇಲೆ ಕಂಬ. ಮೇಲಿನ ಲೆಕ್ಕದ ರೆಕ್ಕೆಯೇ ಆದರೆ 80 ಕಿ.ಮೀ. ವೇಗದಲ್ಲಿ ಬೀಳುವುದು 55 ಕೆಜಿ. ಅದರ ಎರಡು ಪಟ್ಟಿಗೆ ಪರೀಕ್ಷಿಸಿ: 50 ಕೆಜಿಯ ಎರಡು ಸಿಮೆಂಟ್ ಚೀಲ, ಮೇಲೆ ಹತ್ತು ಕೆಜಿ ಮರಳು. ನೇರ ಹೇರಿದರೆ ಸಾಲದು. ರೆಕ್ಕೆಗೆ ಹಗ್ಗ ಕಟ್ಟಿ ಹಿಂದಕ್ಕೂ ಒಮ್ಮೆ, ಪಕ್ಕಕ್ಕೂ ಒಮ್ಮೆ ಎಳೆದು, ಬುಡದ ವೆಲ್ಡಿಂಗ್ ಬಳಿ ಬಣ್ಣ ಬಿರುಕು ಬಿಟ್ಟಿದೆಯೇ ಎಂದು ಟಾರ್ಚ್ ಹಾಕಿ ನೋಡಿ. ಬಿರುಕಿದ್ದರೆ ಅದರ ಮೇಲೇ ಇನ್ನೊಂದು ವೆಲ್ಡ್ ಎಳೆಯಬೇಡಿ; ಆ ತುಂಡು ಕತ್ತರಿಸಿ ತೆಗೆದು, ತ್ರಿಕೋನದ ಗಸೆಟ್ ಪ್ಲೇಟ್ ಇಟ್ಟು ಹೊಸದಾಗಿ ಕೂರಿಸಿ.